ಎಡಗಡೆ ಖಾಲಿ ಇತ್ತು, ದೀಪ ಕೆಂಪಾಗಿತ್ತು

ಹೊರಡುವ ಮುಂಚೆ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯವರೆಲ್ಲ ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ. ರಸ್ತೆ ಬದಿಯಲ್ಲಿ ಹುಲ್ಲು ತಿನ್ನುತ್ತಿತ್ತು, ನಮ್ಮನ್ನು ಕಂಡು ತಿನ್ನುವುದನ್ನೇನೂ ನಿಲ್ಲಿಸಲಿಲ್ಲ. ಕಾಂಗರೂ ವಿಷಯ ಅಲ್ಲಿಗೆ ಮುಗಿಯಿತು. ನಾನು ಹೇಳಹೊರಟಿರುವುದು ಮೆಲ್ಬರ್ನಿನ ಒಂದು ಸಿಗ್ನಲ್ ದೀಪದ ವಿಷಯ, ಅದರ ಪಕ್ಕದ ಕಂಬದಲ್ಲಿದ್ದ ಕ್ಯಾಮೆರಾದ ವಿಷಯ, ಮತ್ತು ನಮ್ಮ ಯಜಮಾನರ ಬಾಯಿಯ ವಿಷಯ.

ನನ್ನನ್ನು ಅರಿಯದವರಿಗೆ ಒಂದು ಮಾತು. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಕೆಲಸದಲ್ಲಿದ್ದಷ್ಟೂ ದಿನ 'ಮಾನ್ಯರ ಅವಗಾಹನೆಗೆ' ಎಂದು ಬರೆದೂ ಬರೆದೂ ಸಾಕಾಗಿತ್ತು. ನಿವೃತ್ತಿಯಾದ ಮೇಲೆ ನನ್ನ ಅವಗಾಹನೆಗೆ ಬಂದದ್ದನ್ನು ಬರೆಯೋಣವೆಂದು ಬ್ಲಾಗು ಶುರುಮಾಡಿದೆ. ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಸೆಂಟರಿನಲ್ಲಿ ಕಾಲೇಜು ಹುಡುಗಿಯರ ನಡುವೆ ಕೂತು, ಒತ್ತಕ್ಷರ ಎಲ್ಲಿದೆ ಎಂದು ಅವರನ್ನೇ ಕೇಳಿ ಕೇಳಿ ಕನ್ನಡ ಟೈಪಿಂಗ್ ಕಲಿತೆ. ಓದುವವರು ಬಹಳ ಜನ ಇಲ್ಲ. ಇರುವವರು ಮಾತ್ರ ಚುರುಕು. ತಪ್ಪು ಬರೆದರೆ ತರಕಾರಿ ಅಂಗಡಿಯಲ್ಲಿ ನಿಲ್ಲಿಸಿ ಹೇಳುತ್ತಾರೆ.

ನಮ್ಮ ಯಜಮಾನರಿಗೆ ಅರಳಗುಪ್ಪೆ ಹತ್ತಿರ ತೆಂಗಿನ ತೋಟ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಆಗ ಇಳಿಸಿ ಸುಲಿಯಬೇಕು. ಅವಸರ ಮಾಡಿ ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿ ಚೂರಾಗುತ್ತದೆ. ಬ್ಲಾಗಿಗೆ ನಾನು ಹಾಕಿಕೊಂಡಿರುವ ಪದ್ಧತಿಯೂ ಅದೇ. ಬರೆದ ಕೂಡಲೇ ಹಾಕುವುದಿಲ್ಲ, ಒಂದಷ್ಟು ದಿನ ಅಟ್ಟದಲ್ಲಿಡುತ್ತೇನೆ. ಒಮ್ಮೆ ಎದುರು ಮನೆಯ ಎಮ್ಮೆ ನಮ್ಮ ಹಿತ್ತಲಿಗೆ ನುಗ್ಗಿದ್ದನ್ನು ಕೆಂಡದಂಥ ಕೋಪದಲ್ಲಿ ಬರೆದಿದ್ದೆ. ವಾರ ಕಳೆದು ಓದಿದರೆ ಹಿತ್ತಲ ಬಾಗಿಲು ತೆಗೆದಿಟ್ಟವಳು ನಾನೇ ಎಂಬುದು ನೆನಪಾಯಿತು. ಎಮ್ಮೆಯ ಮಾನ ಉಳಿಯಿತು. ಇನ್ನೊಂದು ಪದ್ಧತಿ, ಬರಹದಲ್ಲಿ ಬರುವವರ ಮುಂದೆ ಅದನ್ನು ಗಟ್ಟಿಯಾಗಿ ಓದುವುದು. ಮುಖ ನೋಡಿಕೊಂಡು ಓದಲಾಗದ ಮಾತನ್ನು ಊರಿಗೆಲ್ಲ ಹಂಚಬಾರದು ಎಂದು ನನ್ನ ಲೆಕ್ಕ.

ನನ್ನ ತಂಗಿಯನ್ನು ಚಿಕ್ಕನಾಯಕನಹಳ್ಳಿಗೆ ಕೊಟ್ಟಿದೆ. ಅವಳ ಮಗಳು ನರ್ಸಾಗಿ ಮೆಲ್ಬರ್ನಿಗೆ ಹೋಗಿದ್ದಳು. ಬಂದು ನೋಡಿಕೊಂಡು ಹೋಗಿ ಎಂದು ಅಮ್ಮನಿಗೆ ಗಂಟುಬಿದ್ದಿದ್ದಳು. ತಂಗಿಗೆ ಬಸ್ಸಿನಲ್ಲಿ ತುಮಕೂರಿಗೆ ಹೋಗುವಷ್ಟರಲ್ಲೇ ತಲೆ ಸುತ್ತುತ್ತದೆ. "ವಿಮಾನ ನನ್ ಕೈಲಾಗಲ್ಲ ಕಣಕ್ಕ. ನೀನು ಭಾವ ಹೋಗ್ಬನ್ನಿ" ಎಂದಳು. ಹೀಗೆ ನಾವು ಹೊರಟೆವು.

ಮೆಲ್ಬರ್ನ್, ಮೊದಲ ವಾರ

ವಿಮಾನ ಇಳಿದ ಕೂಡಲೇ ಕೊಬ್ಬರಿಯ ಪಂಚಾಯ್ತಿ. ಯಜಮಾನರು ಹುಡುಗಿಗೆಂದು ಚೀಲದ ತಳದಲ್ಲಿ ಉಂಡೆ ಕೊಬ್ಬರಿ ಇಟ್ಟಿದ್ದರು. ತಪಾಸಣೆಯ ಹೆಂಗಸು ಕೈಗವಸು ಹಾಕಿಕೊಂಡು ಒಂದನ್ನು ಎತ್ತಿ, ತಿರುಗಿಸಿ, ಮೂಸಿ, ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. ಚಟ್ನಿಪುಡಿ ನಮ್ಮ ಕೈಗೆ ಬಂತು, ಕೊಬ್ಬರಿ ತೊಟ್ಟಿಗೆ ಹೋಯಿತು. ಹೊರಗೆ ಬಂದು ತಂಗಿಯ ಮಗಳನ್ನು ಕಂಡು ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ತೊಟ್ಟಿ ಇದ್ದ ದಿಕ್ಕನ್ನೇ ನೋಡುತ್ತಿದ್ದರು.

ಆ ಸಂಕಟಕ್ಕೋ ಏನೋ, ಮರುದಿನ ದೊಡ್ಡ ಅಂಗಡಿಯಲ್ಲಿ ತೆಂಗಿನಕಾಯಿ ಕಂಡ ಕೂಡಲೇ ಇವರ ಕಾಲು ಅಲ್ಲೇ ನಿಂತಿತು. ಜುಟ್ಟಿಲ್ಲದ, ಬೋಳು ಬೋಳಾದ, ಪ್ಲಾಸ್ಟಿಕ್ ಸುತ್ತಿದ ಕಾಯಿಗಳು. ಇವರು ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ, ಮುಖ ಸಿಂಡರಿಸಿ ವಾಪಸ್ಸಿಡತೊಡಗಿದರು. ಪಕ್ಕದಲ್ಲಿದ್ದ ಬಿಳಿಕೂದಲಿನ ಹೆಂಗಸು ಏನು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿದಳು. "ನೀರೈತಾ ಅಂತ ಕಣವ್ವ" ಎಂದು ಇವರು ಅಪ್ಪಟ ಕನ್ನಡದಲ್ಲೇ ಹೇಳಿದರು. ಅದು ಅವಳಿಗೆ ಅರ್ಥವಾದದ್ದು ಹೇಗೋ, ಅವಳೂ ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ತಲೆಯಾಡಿಸಿ, ಬುಟ್ಟಿಗೆ ಹಾಕಿಕೊಂಡು ಹೋದಳು.

ಆ ಊರಿನವರದು ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಶಾಲೆಯ ಮಕ್ಕಳೂ ಹೇಳುತ್ತಾರೆ. ನಮ್ಮ ಬಸ್ಸಿನಲ್ಲಿ ಹಾಗೆ ಹೇಳಿದರೆ ಕಂಡಕ್ಟರು ಟಿಕೆಟ್ ತಗೊಂಡಿಲ್ಲವೇನೋ ಎಂದು ಅನುಮಾನಪಟ್ಟಾನು. ನಮ್ಮ ಯಜಮಾನರು ಎರಡೇ ದಿನದಲ್ಲಿ ಕಲಿತುಬಿಟ್ಟರು. "ಥ್ಯಾಂಕ್ಸ್ ಕಣಪ್ಪಾ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿ ಇಳಿಯುತ್ತಿದ್ದರು.

ಅವರಿಗೆ ಹಿಡಿಸದೇ ಹೋದದ್ದು ಸಿಗ್ನಲ್. ಆ ಊರಿನಲ್ಲಿ ಅಡ್ಡರಸ್ತೆ ಕಂಡಲ್ಲೆಲ್ಲ ದೀಪ. ಕಣ್ಣು ಹಾಯುವಷ್ಟು ದೂರ ಒಂದು ಗಾಡಿಯೂ ಇಲ್ಲದಿದ್ದರೂ ಕೆಂಪು ಎಂದರೆ ಜನ ನಿಂತೇ ಇರುತ್ತಾರೆ. ನಮ್ಮ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು, ಲಾರಿ, ಎತ್ತಿನ ಗಾಡಿ, ಕುರಿ ಮಂದೆ ಎಲ್ಲವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ದಾಟುತ್ತವೆ. "ಯಾರೂ ಬರ್ತಿಲ್ಲ, ಯಾರಿಗೋಸ್ಕರ ನಿಂತವ್ರೆ ಇವ್ರು?" ಎಂದು ಇವರು ಕೇಳುತ್ತಲೇ ಇದ್ದರು. ತಂಗಿಯ ಮಗಳು ನಗುತ್ತಿದ್ದಳು. "ದೀಪಕ್ಕೋಸ್ಕರ ದೊಡ್ಡಪ್ಪ" ಎನ್ನುತ್ತಿದ್ದಳು.

ನಿಂಬೆ ಗಿಡದ ಮನೆ

ತಂಗಿಯ ಮಗಳದು ಆಸ್ಪತ್ರೆಯೊಳಗಿನ ಕೆಲಸವಲ್ಲ. ಬೆಳಗಾದರೆ ತನ್ನ ಸಣ್ಣ ಕಾರಿನಲ್ಲಿ ಮನೆಯಿಂದ ಮನೆಗೆ ಹೋಗಿ ವಯಸ್ಸಾದವರಿಗೆ ಗಾಯ ತೊಳೆದು ಕಟ್ಟುವುದು, ಇಂಜೆಕ್ಷನ್ ಕೊಡುವುದು, ಮಾತ್ರೆ ನುಂಗಿದರೋ ಇಲ್ಲವೋ ನೋಡುವುದು. ಒಂದು ಬೆಳಿಗ್ಗೆ, ಅವರ ಒಪ್ಪಿಗೆ ಕೇಳಿ, ಒಬ್ಬ ಅಜ್ಜನ ಮನೆಗೆ ನನ್ನನ್ನು ಕರೆದುಕೊಂಡು ಹೋದಳು.

ಅಂಗಳದಲ್ಲಿ ಹಣ್ಣು ಬಿಟ್ಟ ನಿಂಬೆ ಗಿಡ. ಅಜ್ಜ ಕಿಟಕಿಯ ಹತ್ತಿರ ಕೂತು ಇವಳ ದಾರಿ ಕಾಯುತ್ತಿದ್ದರು. ನರ್ಸು ಬರುತ್ತಾಳೆಂದು ಕೋಟು ಹಾಕಿ ಟೈ ಕಟ್ಟಿಕೊಂಡಿದ್ದರು. ಕಾಲಿನಲ್ಲಿ ಎಷ್ಟೋ ತಿಂಗಳಿಂದ ವಾಸಿಯಾಗದ ಗಾಯ. ಅವಳು ಮಂಡಿಯೂರಿ ಕೂತು ಹಳೆಯ ಪಟ್ಟಿ ಬಿಚ್ಚಿ, ತೊಳೆದು, ಅಳತೆ ನೋಡಿದಳು. ಕಮ್ಮಿಯಾಯಿತಾ ಎಂದು ಅಜ್ಜ ಕೇಳಿದರು. ಇಲ್ಲ, ಈ ವಾರ ಹಾಗೇ ಇದೆ ಎಂದಳು. ನಾನಾಗಿದ್ದರೆ ಆ ಮುಖಕ್ಕೆ ಒಂದು ಚೂರು ಕಮ್ಮಿಯಾಗಿದೆ ಎಂದುಬಿಡುತ್ತಿದ್ದೆ. ಅಜ್ಜ ಸುಮ್ಮನೆ ತಲೆಯಾಡಿಸಿದರು. ಹೊಸ ಪಟ್ಟಿ ಕಟ್ಟಿ, ಮಾಡಿದ್ದನ್ನೆಲ್ಲ ಹಾಳೆಯಲ್ಲಿ ಬರೆದು ರುಜು ಹಾಕಿ ಅವಳು ಎದ್ದಳು. ಹೊರಡುವಾಗ ಅಜ್ಜ ನನಗೆಂದು ಒಂದು ಚೀಲ ನಿಂಬೆಹಣ್ಣು ಕೊಟ್ಟರು.

ವಾಪಸ್ಸು ಬರುವಾಗ, ಕಾರಿನ ಹಿಂದೆ ಮುಂದೆ ಅಂಟಿಸಿರುವ ಅಕ್ಷರದ ಫಲಕ ಯಾಕೆ ಎಂದು ಕೇಳಿದೆ. ಹೊಸ ಲೈಸೆನ್ಸಿನವರಿಗೆ ಅದು ಕಡ್ಡಾಯವಂತೆ. ಹೊಸಬರ ತಪ್ಪಿಗೆ ಕ್ಷಮೆ ಕಮ್ಮಿಯಂತೆ. ಅವಳು ಒಮ್ಮೆ ಇಳಿಜಾರಿನಲ್ಲಿ ವೇಗ ಹೆಚ್ಚಾಗಿ ರಸ್ತೆಯ ಕ್ಯಾಮೆರಾಕ್ಕೆ ಆಗಲೇ ಸಿಕ್ಕಿಬಿದ್ದಿದ್ದಳು.

"ಇನ್ನೊಂದು ಸಲ ಆದ್ರೆ ಕೆಲ್ವು ತಿಂಗ್ಳು ಲೈಸೆನ್ಸ್ ಹೋಯ್ತದೆ ದೊಡ್ಡಮ್ಮ" ಎಂದಳು.

"ಹೋದ್ರೆ?"

"ಕಾರಿಲ್ದೆ ಈ ಕೆಲ್ಸ ಇಲ್ಲ. ಇನ್ನೂ ಖಾಯಂ ಆಗಿಲ್ಲ ನಂದು. ಬೇರೆಯೋರ್ನ ತಗೋತಾರೆ."

ಇಷ್ಟು ಹೇಳಿ ಅವಳು ಅಜ್ಜನ ಮಾತಿಗೆ ಹೋದಳು. ಮೊದಮೊದಲು ಅವರು ಹೊಸ ನರ್ಸು ಬೇಡವೆಂದು ಬಾಗಿಲೇ ತೆಗೆಯುತ್ತಿರಲಿಲ್ಲವಂತೆ. ಈಗ ಟೈ ಕಟ್ಟಿಕೊಂಡು ಕಾಯುತ್ತಾರೆ. ಅದನ್ನು ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ಈ ಹುಡುಗಿಗೆ ಕೆಲಸ ಎಂದರೆ ಪ್ರಾಣ ಎಂದು ಆಗ ನನಗೆ ಗೊತ್ತಾಯಿತು.

ಭಾನುವಾರ, ಬೆಟ್ಟದಿಂದ ವಾಪಸ್ಸು

ಮುಂದಿನದನ್ನು ಹೇಳುವ ಮುಂಚೆ ಎಡಗಡೆಯ ಸೀಟಿನ ವಿಷಯ ಹೇಳಬೇಕು. ನಮ್ಮ ಯಜಮಾನರು ಚಿಕ್ಕ ವಯಸ್ಸಿನಲ್ಲಿ ಕಾಯಿ ಲಾರಿಯ ಜೊತೆ ಓಡಾಡಿದವರು. ಕಾಯಿ ತುಂಬಿದ ಲಾರಿಯಲ್ಲಿ ಡ್ರೈವರಿಗೆ ಎಡಗಡೆ ಏನೂ ಕಾಣುವುದಿಲ್ಲ. ಎಡಗಡೆ ಕೂತವನೇ ಅವನ ಇನ್ನೊಂದು ಕಣ್ಣು. ಅಡ್ಡರಸ್ತೆ ಬಂದರೆ ಅವನು ಕತ್ತು ಹೊರಗೆ ಹಾಕಿ ನೋಡಿ, "ಖಾಲಿ, ಹೊಡಿ" ಎನ್ನಬೇಕು. ಡ್ರೈವರು ತಿರುಗಿ ನೋಡದೆ ಹೊಡೆಯುತ್ತಾನೆ. ನಮ್ಮ ಭಾಗದಲ್ಲಿ ಕಾಯಿ ಸಾಗಿಸುವವರೆಲ್ಲ ಹೀಗೆಯೇ ಬೆಳೆದವರು. ಮುಂದೆ ಸ್ವಂತ ವ್ಯಾನು ಬಂದ ಮೇಲೂ ನಮ್ಮ ಮನೆಯಲ್ಲಿ ಅದೇ ರೂಢಿ ಉಳಿಯಿತು. ತಂಗಿಯ ಮಗಳು ರಜೆಗೆ ಬಂದಾಗ ಆ ಸೀಟು ಅವಳದು. ಇಷ್ಟೇ ಇಷ್ಟಿದ್ದಾಗಲೇ ಕಿಟಕಿಗೆ ಗಲ್ಲ ಊರಿ "ಖಾಲಿ ದೊಡ್ಡಪ್ಪ, ಹೊಡೀರಿ" ಎನ್ನುತ್ತಿದ್ದಳು. ಅವಳ ಮಾತು ನಂಬಿ ಇವರು ಎಷ್ಟು ಸಲ ಹೆದ್ದಾರಿ ದಾಟಿದ್ದಾರೋ.

ಆ ಭಾನುವಾರ ಊರಾಚೆಯ ಬೆಟ್ಟಕ್ಕೆ ಹೋಗಿದ್ದೆವು. ಮರಗಳು ಒಂದೊಂದೂ ಮುಗಿಲು ಮುಟ್ಟುವಷ್ಟು ಎತ್ತರ. ಅವುಗಳ ಬುಡದಲ್ಲಿ ನಿಂತು ನಮ್ಮ ಯಜಮಾನರು ಹತ್ತುವುದು ಹೇಗೆ ಎಂದು ಯೋಚಿಸುತ್ತಿದ್ದರು. ಹತ್ತಿ ಕೀಳುವುದಕ್ಕೆ ಅದರಲ್ಲಿ ಏನೂ ಇಲ್ಲ ಎಂದರೂ ಅವರಿಗೆ ಸಮಾಧಾನವಿಲ್ಲ. ಬುತ್ತಿಯ ಚಿತ್ರಾನ್ನ ತಿಂದು, ಸಂಜೆಯ ಹೊತ್ತಿಗೆ ಹೊರಟೆವು. ತಂಗಿಯ ಮಗಳು ಓಡಿಸುತ್ತಿದ್ದಳು. ಅಲ್ಲಿಯೂ ನಮ್ಮಂತೆ ಸ್ಟೇರಿಂಗ್ ಬಲಗಡೆಗೆ. ಯಜಮಾನರು ಅವಳ ಎಡಕ್ಕೆ ಕೂತಿದ್ದರು. ನಾನು ಹಿಂದೆ.

ಊರು ಹತ್ತಿರ ಬಂತು. ಅವರಿಬ್ಬರೂ ಹಳೆಯ ವ್ಯಾನಿನ ಮಾತಾಡಿಕೊಂಡು ನಗುತ್ತಿದ್ದರು. ಮುಂದೆ ಸಿಗ್ನಲ್. ದೀಪ ಹಸಿರಿನಿಂದ ಹಳದಿಯಾಯಿತು. ಕಾರಿನ ವೇಗ ತಗ್ಗಿತು. ಯಜಮಾನರು ಎಡಕ್ಕೆ ಕತ್ತು ಚಾಚಿದರು. ಅಡ್ಡರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಖಾಲಿ, ಹೊಡಿ" ಎಂದರು.

ಕಾರು ಮುನ್ನುಗ್ಗಿತು. ನಾವು ಗೆರೆ ದಾಟುವಾಗ ದೀಪ ಕೆಂಪಾಗಿದ್ದದ್ದು ನನಗೆ ಹಿಂದಿನ ಸೀಟಿನಿಂದಲೇ ಕಂಡಿತು. ಹಿಂದಿನಿಂದ ಪಳ್ ಎಂದು ಬೆಳಕು ಬಿತ್ತು, ಕೂಡಲೇ ಇನ್ನೊಂದು.

"ಯಾರೋ ಫೋಟೋ ಹೊಡುದ್ರಲ್ಲ" ಎಂದು ಯಜಮಾನರು ಹಿಂದಕ್ಕೆ ತಿರುಗಿದರು.

ತಂಗಿಯ ಮಗಳು ಸ್ವಲ್ಪ ಮುಂದೆ ಹೋಗಿ ಕಾರನ್ನು ಬದಿಗೆ ನಿಲ್ಲಿಸಿ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು ಕೂತಳು. ಆಮೇಲೆ ತಾನೇ ನಮಗೆ ಸಮಾಧಾನ ಹೇಳಿದಳು. ಒಂದೊಂದು ಸಲ ಫೋಟೋ ಸರಿಯಾಗಿ ಬಿದ್ದಿರುವುದಿಲ್ಲವಂತೆ. ಕಾಗದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇಲ್ಲ ಎಂಬುದನ್ನೇ ನಾನು ನಂಬಿದೆ. ಮನೆಗೆ ಬಂದು ಅವಳ ಕಂಪ್ಯೂಟರಿನಲ್ಲಿ, ನಮ್ಮ ಯಜಮಾನರು ಮೆಲ್ಬರ್ನಿನಲ್ಲಿ ಲಾರಿ ಕ್ಲೀನರ್ ಆದ ಕಥೆಯನ್ನು ನಗುನಗುತ್ತಾ ಬರೆದು ಅಟ್ಟಕ್ಕೆ ಹಾಕಿದೆ.

ಲಕೋಟೆ

ಕಾಗದ ಬಂತು. ಜೊತೆಯಲ್ಲಿ ಎರಡು ಫೋಟೋ. ಒಂದರಲ್ಲಿ ಕಾರು ಗೆರೆಯ ಮೇಲೆ, ಇನ್ನೊಂದರಲ್ಲಿ ರಸ್ತೆಯ ನಡುವೆ. ಎರಡರಲ್ಲೂ ಕೆಂಪು ದೀಪ ಉರಿಯುತ್ತಿತ್ತು. ಫೋಟೋ ಹಿಂದಿನಿಂದ ತೆಗೆದದ್ದು. ನಂಬರು ಪ್ಲೇಟು ಸ್ಪಷ್ಟವಾಗಿತ್ತು. ಹಿಂಬದಿಯ ಗಾಜಿನಲ್ಲಿ ನನ್ನ ತುರುಬು ಕಾಣುತ್ತಿತ್ತು. ಮುಂದೆ ಕೂತಿದ್ದವರು ಯಾರು, ಓಡಿಸುತ್ತಿದ್ದವರು ಯಾರು, ಒಂದೂ ಗೊತ್ತಾಗುತ್ತಿರಲಿಲ್ಲ.

ಕಾಗದ ಕಾರಿನ ಒಡತಿಯ ಹೆಸರಿಗೆ ಬಂದಿತ್ತು. ಓಡಿಸುತ್ತಿದ್ದವರು ನೀವಲ್ಲದಿದ್ದರೆ ಯಾರೆಂದು ತಿಳಿಸಿ ಎಂದು ಅದರಲ್ಲೇ ಒಂದು ಜಾಗ ಬಿಟ್ಟಿದ್ದರು. ತಂಗಿಯ ಮಗಳು ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಯಜಮಾನರು ಕುರ್ಚಿ ಎಳೆದುಕೊಂಡು ಕೂತರು.

"ನೋಡವ್ವ, ಹೊಡಿ ಅಂದಿದ್ದು ನಾನು. ಲಾರಿ ಎಡಗಡೆಗೆ ತಗುಲ್ಕೊಂಡ್ರೆ ಡ್ರೈವರ್‌ನ ಯಾರ್ ಬೈತಾರೆ? ಎಡಗಡೆ ಕೂತಿದ್ದೋನು ಏನ್ ಮಾಡ್ತಿದ್ದ ಅಂತಾರೆ. ತಪ್ಪು ನಂದು. ನನ್ ಹೆಸ್ರು ಬರಿ."

"ಓಡಿಸ್ತಿದ್ದೋಳು ನಾನಲ್ವಾ ದೊಡ್ಡಪ್ಪ."

"ಓಡಿಸಿದ್ರೇನು? ನಂಗೂ ಲೈಸೆನ್ಸ್ ಐತೆ. ಮುಂದಿನ್ ತಿಂಗ್ಳು ನಾನು ತೋಟದಾಗಿರ್ತೀನಿ. ಅವ್ರೇನು ಅರಳಗುಪ್ಪೆಗೆ ಬಂದು ನನ್ ಲೈಸೆನ್ಸ್ ಕಿತ್ಕೊಂಡೋಗ್ತಾರಾ? ಬಂದ್ರೆ ಬರ್ಲಿ ಬುಡು, ಒಂದು ಎಳನೀರು ಕೊಟ್ಟು ಕಳಿಸ್ತೀನಿ."

ಇದರಲ್ಲಿ ಮೋಸವಿದೆ ಎಂದು ಅವರಿಗೆ ಒಂದಿಷ್ಟೂ ಅನ್ನಿಸಿರಲಿಲ್ಲ. ಅವರ ಲೆಕ್ಕದಲ್ಲಿ ಅವರು ನಿಜವನ್ನೇ ಹೇಳುತ್ತಿದ್ದರು. ಹಿರಿಯನು ಹೊಡಿ ಎಂದ, ಕಿರಿಯಳು ಹೊಡೆದಳು, ಹೊರಬೇಕಾದವನು ಹಿರಿಯ. ನಮ್ಮ ಕಡೆ ನ್ಯಾಯಕ್ಕೆ ಕೂತವರೂ ಹಾಗೆಯೇ ಹೇಳಿಯಾರು. ಮೇಲಾಗಿ ಪ್ರೀತಿಯ ಮನುಷ್ಯ. ಹುಡುಗಿಯ ಕೆಲಸ ತನ್ನ ಬಾಯಿಂದ ಹೋಗುವುದನ್ನು ನೋಡಲಾರರು.

ನಾನು ಏನು ಮಾಡಿದೆ? ಕಚೇರಿಯಲ್ಲಿ ಒಬ್ಬರ ಬದಲು ಇನ್ನೊಬ್ಬರು ರುಜು ಹಾಕಿಕೊಂಡು ಬಂದರೆ ಅರ್ಜಿಯನ್ನು ಮುಖಕ್ಕೆ ವಾಪಸ್ಸು ಕೊಡುತ್ತಿದ್ದವಳು ನಾನು. ಈಗ ಆ ಕಾಗದ ಎಳೆದುಕೊಂಡು, ಇವರ ಹೆಸರನ್ನು ಎಲ್ಲಿ ಹೇಗೆ ಬರೆದರೆ ಹಿಡಿಸುತ್ತದೆ ಎಂದು ನೋಡತೊಡಗಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅದೇ ಸರಿ ಎನ್ನಿಸಿತು. ಟೈ ಕಟ್ಟಿಕೊಂಡು ಕಿಟಕಿಯಲ್ಲಿ ಕೂತ ಅಜ್ಜ ಕಣ್ಣ ಮುಂದೆ ಬಂದರು. ತಂಗಿಗೆ ಏನು ಹೇಳಲಿ ಎಂಬ ಚಿಂತೆ ಬೇರೆ.

"ದೊಡ್ಡಪ್ಪ ಹೇಳೋದ್ರಾಗೂ ಅರ್ಥ ಐತೆ ಕಣೇ" ಎಂದೆ.

ತಂಗಿಯ ಮಗಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಸಕ್ಕರೆ ಡಬ್ಬದ ಕೆಳಗೆ ಇಟ್ಟಳು. ಮುದ್ದೆಗೆ ನೀರಿಟ್ಟಳು.

ಓದು ಎಂದಳು

ತಟ್ಟೆ ತೊಳೆದು ಕೈ ಒರೆಸಿಕೊಳ್ಳುತ್ತಾ ಬಂದು ಅವಳು ನನ್ನ ಪಕ್ಕ ಕೂತಳು.

"ಅವತ್ತಿಂದು ಬರ್ದಿದ್ದೀಯಲ್ಲ ದೊಡ್ಡಮ್ಮ. ಓದು."

"ಅದಿನ್ನೂ ಅಟ್ಟದ ಮೇಲೈತೆ ಕಣೇ."

"ಇಳ್ಸು."

ಇಳಿಸಿದೆ. ಓದುತ್ತಾ ಹೋದಂತೆ ನನಗೇ ಮುಜುಗರವಾಯಿತು. ನಗಿಸಬೇಕೆಂದು ಬರೆದ ಕಡೆ ಯಾರೂ ನಗಲಿಲ್ಲ. ಸಿಗ್ನಲ್ ಬಂತು. 'ದೀಪ ಹಳದಿಯಾಯಿತು. ಹುಡುಗಿ ಬ್ರೇಕಿನ ಮೇಲೆ ಕಾಲಿಟ್ಟಳು. ನಿಲ್ಲುವುದಕ್ಕೆ ಜಾಗ ಬೇಕಾದಷ್ಟಿತ್ತು. ಅಷ್ಟರಲ್ಲಿ ನಮ್ಮ ಕ್ಲೀನರ್ ಸಾಹೇಬರು, ಖಾಲಿ, ಹೊಡಿ ಎಂದರು. ಪಾಪ, ಹುಡುಗಿ ದೊಡ್ಡಪ್ಪನ ಮಾತು ಮೀರಲಾರದೆ ಹೊಡೆದಳು' ಎಂದು ಬರೆದಿದ್ದೆ.

"ಅಲ್ಲೇ ನಿಲ್ಸು" ಎಂದಳು. "ಪಾಪ ಅಂತ ಯಾಕೆ ಬರ್ದೆ?"

"ನೀನು ಬೇಕಂತ ಮಾಡ್ಲಿಲ್ಲವಲ್ಲ ಮಗಾ."

"ಹಳದಿ ನಂಗೂ ಕಾಣ್ತು. ನೀನೇ ಬರ್ದಿದ್ದೀಯ, ಕಾಲು ಬ್ರೇಕ್ ಮೇಲೇ ಇತ್ತು. ದೊಡ್ಡಪ್ಪ ಬಂದು ನನ್ ಕಾಲು ಎತ್ತಲಿಲ್ಲ. ಎತ್ತಿದ್ದು ನಾನು."

ಯಜಮಾನರು ಬಾಯಿ ಹಾಕಿದರು. "ನಾನು ಹೇಳ್ದಿದ್ರೆ ನೀನು ಎತ್ತುತ್ತಿದ್ಯಾ? ಸುಮ್ನೆ ಹಟ ಮಾಡ್ಬೇಡ. ಕೆಲ್ಸ ಹೋಯ್ತದೆ, ಆಮೇಲೆ ಅಳ್ತೀಯ."

"ಅಳ್ತೀನಿ ದೊಡ್ಡಪ್ಪ" ಎಂದಳು. "ದಿನಾ ಹತ್ತಾರು ಮನೇಲಿ ಹಾಳೆ ಬರೀತೀನಿ. ಯಾವ್ ಮಾತ್ರೆ, ಎಷ್ಟ್ ಹೊತ್ಗೆ, ಗಾಯ ಎಷ್ಟು ಅಗಲ, ಕೊನೇಗೆ ನನ್ ರುಜು. ಅದು ನಿಜ ಅಂತ ನಂಬ್ಕೊಂಡೇ ಡಾಕ್ಟ್ರು ಮುಂದಿಂದು ಮಾಡ್ತಾರೆ. ನಾಳೆ ನಾನೇ ಒಂದು ಮಾತ್ರೆ ಹೆಚ್ಚುಕಮ್ಮಿ ಕೊಟ್ರೆ? ಪಕ್ಕದಾಗಿದ್ದೋರು ಕೊಡು ಅಂದ್ರು ಅಂತ ಬರೀಲಾ? ಇವತ್ತು ಇದನ್ನ ಬರ್ದ್ರೆ ನಾಳೆ ಅದೂ ಬಂದ್ಬಿಡ್ತದೆ ದೊಡ್ಡಪ್ಪ. ನಂಗೆ ಭಯ."

ಯಜಮಾನರು ಎದ್ದು ಹೊರಗೆ ಜಗುಲಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ಅವರಿಗೆ ನೋವಾಗಿತ್ತು. ಕೊಡಲು ಹೋದದ್ದನ್ನು ಕಿರಿಯಳು ಬೇಡ ಎಂದರೆ ಯಾವ ಹಿರಿಯನಿಗೂ ನೋವೇ. ನನಗೆ ಇಬ್ಬರ ಮೇಲೂ ಸಂಕಟವಾಯಿತು.

ನಾನು ಕಂಪ್ಯೂಟರಿಗೆ ತಿರುಗಿ 'ಪಾಪ' ತೆಗೆದೆ. 'ಮೀರಲಾರದೆ' ತೆಗೆದೆ. ಕ್ಲೀನರ್ ಸಾಹೇಬರನ್ನೂ ತೆಗೆದೆ. ಅವಳು ಅದನ್ನು ಓದಿ ನೋಡಿ, ಸಕ್ಕರೆ ಡಬ್ಬದ ಕೆಳಗಿನ ಕಾಗದ ತೆಗೆದು, ಓಡಿಸಿದವಳು ನಾನೇ ಎಂದು ಬರೆದು ರುಜು ಹಾಕಿದಳು. ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಾನೇ ಅಂಚೆಗೆ ಹಾಕಿದಳು.

ಟ್ರಾಮಿನ ದಾರಿ

ನಿಜ ಹೇಳಿದವರಿಗೆ ಅಲ್ಲಿಯ ಸರ್ಕಾರ ಹಾರ ಹಾಕುತ್ತದೆಂದು ನಾನೇನೂ ಎಣಿಸಿರಲಿಲ್ಲ. ಆದರೂ ಒಳಗೊಳಗೇ ಒಂದು ಆಸೆ ಇತ್ತು. ಅದು ಆಗಲಿಲ್ಲ. ಮೂರು ತಿಂಗಳು ಲೈಸೆನ್ಸ್ ಹೋಯಿತು. ಮನೆಮನೆಯ ಕೆಲಸ ಬಿಡಿಸಿದರು. ಟ್ರಾಮಿನ ಕೊನೆಯ ನಿಲ್ದಾಣದ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ, ಯಾರಾದರೂ ರಜೆ ಹಾಕಿದ ದಿನ ಕರೆದರೆ ಹೋಗುವ ಕೆಲಸ ಸಿಕ್ಕಿತು. ಮೂರು ತಿಂಗಳಾದ ಮೇಲೆ ಹಳೆಯ ಕೆಲಸಕ್ಕೆ ಎಲ್ಲರಂತೆ ಹೊಸದಾಗಿ ಅರ್ಜಿ ಹಾಕಬೇಕಂತೆ.

ಅಜ್ಜನಿಗೆ ತಾನೇ ಹೇಳಿ ಬರುತ್ತೇನೆಂದು ಒಂದು ದಿನ ಬಸ್ಸು ಬದಲಿಸಿ ಬದಲಿಸಿ ಹೋದಳು. ಕೆಂಪು ದೀಪ ದಾಟಿದೆ, ಲೈಸೆನ್ಸ್ ಹೋಯಿತು, ನಾಳೆಯಿಂದ ಬೇರೆಯವರು ಬರುತ್ತಾರೆ, ಬಾಗಿಲು ತೆಗೆಯಿರಿ ಎಂದು ಹೇಳಿದಳಂತೆ. ಅವರು ಹೊಸ ನರ್ಸಿನ ಹೆಸರು ಕೇಳಿ, ಇವಳ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಂಡು ಕೋಟಿನ ಜೇಬಿಗೆ ಇಟ್ಟುಕೊಂಡರಂತೆ. ಮನೆಗೆ ಬಂದಾಗ ಇವಳ ಕಣ್ಣು ಊದಿತ್ತು. ಬಸ್ಸಿನಲ್ಲಿ ಅತ್ತುಬಿಟ್ಟೆ ಎಂದಳು. ಡ್ರೈವರಿಗೆ ಥ್ಯಾಂಕ್ಸ್ ಹೇಳುವುದನ್ನೂ ಮರೆತೆ ಎಂದು ಅದಕ್ಕೊಂದು ಬೇಜಾರು ಮಾಡಿಕೊಂಡಳು.

ನಮ್ಮ ಯಜಮಾನರು ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಹೊರಡುವಾಗ ಸ್ವೆಟರ್ ಹಾಕಿಕೊಂಡು, "ನಡಿ, ನಾನೂ ಬತ್ತೀನಿ" ಎಂದು ಟ್ರಾಮ್ ನಿಲ್ದಾಣದವರೆಗೂ ಹೋಗಿ ಬಂದರು. ಆಮೇಲೆ ಅದೇ ಅಭ್ಯಾಸವಾಯಿತು. ದಾರಿಯಲ್ಲಿ ಒಂದು ಸಿಗ್ನಲ್ ಇತ್ತು. ಅಷ್ಟು ಬೆಳಿಗ್ಗೆ ಅಲ್ಲಿ ಯಾವ ಗಾಡಿಯೂ ಇರುತ್ತಿರಲಿಲ್ಲ. ಏನು ಮಾಡುತ್ತೀರಿ ಎಂದು ಕೇಳಿದೆ.

"ನಿಂತ್ಕೋತೀವಿ" ಎಂದರು. "ಖಾಲಿ ಅನ್ನೋದು ಬಾಯಿಗೆ ಬತ್ತದೆ. ನುಂಗ್ಕೋತೀನಿ."

ನಾವು ಹೊರಡುವ ದಿನ ಬಂತು. ಕಾರು ಮನೆಯ ಮುಂದೆ ನಿಂತಿತ್ತು, ನಾವು ಪೆಟ್ಟಿಗೆ ಎಳೆದುಕೊಂಡು ಟ್ರಾಮು ಹತ್ತಿದೆವು. ಅಲ್ಲಿಂದ ವಿಮಾನ ನಿಲ್ದಾಣದ ಬಸ್ಸು. ಯಜಮಾನರು ಪೆಟ್ಟಿಗೆಗಳ ಕಾವಲಿಗೆ ಮುಂದೆ ಕೂತರು. ನಾವಿಬ್ಬರೂ ಹಿಂದೆ.

"ಅದನ್ನ ಬ್ಲಾಗಿಗೆ ಹಾಕಿದ್ಯಾ ದೊಡ್ಡಮ್ಮ?" ಎಂದಳು.

"ಇಲ್ಲ. ಹಾಕಿದ್ರೂ ನಿನ್ ಹೆಸ್ರು ಬರಲ್ಲ, ಹೆದರ್ಬೇಡ. ತಂಗಿ ಮಗಳು ಅಂತಷ್ಟೇ ಬರ್ದಿದ್ದೀನಿ."

ಅವಳು ನನ್ನ ಕಡೆ ತಿರುಗಿ ಕೂತಳು.

"ನಿಂಗೆ ಎಷ್ಟು ಜನ ತಂಗೀರು? ಅವರಿಗೆ ಎಷ್ಟು ಜನ ಹೆಣ್ಮಕ್ಕಳು? ಓದಿದೋರು ಇವಳಿರ್ಬೇಕು, ಅವಳಿರ್ಬೇಕು ಅಂತ ಎಲ್ರ ಮೇಲೂ ಹಾಕ್ತಾರೆ. ನನ್ ಹೆಸ್ರು ಬರಿ."

"ನಿಮ್ಮಮ್ಮ ಬೇಜಾರು ಮಾಡ್ಕೋತಾಳೆ ಕಣೇ. ಊರೋರು ನೂರು ಆಡ್ತಾರೆ."

"ಆಡ್ಲಿ ಬುಡು. ಇಲ್ಲಿ ಯಾರಿಗೂ ಗೊತ್ತಿಲ್ದಿರೋ ಊರಾಗೆ ಹೆಸ್ರು ಬರ್ದು, ನಮ್ಮೂರಾಗೆ ಬಚ್ಚಿಟ್ಕೊಂಡ್ರೆ ಏನ್ ಬಂತು?"

ಊರಿಗೆ ಬಂದ ಮೇಲೆ ಚಿಕ್ಕನಾಯಕನಹಳ್ಳಿಗೆ ಹೋಗಿ ಇದನ್ನೆಲ್ಲ ತಂಗಿಯ ಮುಂದೆ ಓದಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿದಳು. ಕೆಲಸ ಹೋದ ಕಡೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಸರು ಹಾಕಲಾ ಎಂದು ಕೇಳಿದ್ದಕ್ಕೆ, "ಅವಳೇ ಹಾಕು ಅಂದ್ಮೇಲೆ ಹಾಕಕ್ಕ" ಎಂದಳು.

ಹಾಕಿದ್ದೇನೆ. ಆ ಭಾನುವಾರ ಕಾರು ಓಡಿಸುತ್ತಿದ್ದವಳು ಮಂಜುಳಾ, ನನ್ನ ತಂಗಿ ಜಯಮ್ಮನ ಎರಡನೆಯ ಮಗಳು.